ಅವ್ವನ ಎಡಮೊಣಕಾಲಿಗೆ ಹೆಸರಿಟ್ಟದ್ದು

ಮನುಷ್ಯರಿಗೆ ಮೊಣಕಾಲು ಎರಡಲ್ಲ, ಒಂದೇ ಎಂದು ಹಟ ಹಿಡಿಯುವ ಯಂತ್ರವನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಕಾಣುವುದೇನು ಬಂತು, ಅದನ್ನು ಸಾಕಿ ಸಲಹುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಅದರ ಹೆಸರು ಗಂಟುಗಾವಲು. ಅದು ನನ್ನ ಹೆತ್ತ ತಾಯಿಯನ್ನು ಇಡೀ ಮಧ್ಯಾಹ್ನ ತವರುಮನೆಯ ಪಡಸಾಲೆಯಲ್ಲಿ ಕಂಬದ ಹಾಗೆ ನಿಲ್ಲಿಸಿದ ಕಥೆಯನ್ನು ಹೇಳುತ್ತೇನೆ. ನಡುವೆ ನನಗೆ ಸಿಟ್ಟು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಕಸ್ತೂರಿ. ಹುಬ್ಬಳ್ಳಿಯ ದೇಹಯಂತ್ರ ನಿಗಾ ಕೇಂದ್ರದಲ್ಲಿ ಕೆಲಸ. ಯಂತ್ರದ ಮೊಣಕಾಲು, ಯಂತ್ರದ ಕಿವಿ, ನಡುಗುವ ಕೈಯನ್ನು ನಿಲ್ಲಿಸುವ ಬಳೆ, ಇವೆಲ್ಲ ಈಗ ಮಿಕ್ಸರಿನಷ್ಟೇ ಸಾಮಾನ್ಯ. ಮೊದಮೊದಲು ಒಂದೊಂದೂ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಹಿಂದಿನಿಂದ ಲಾರಿಯ ಹಾರ್ನ್ ಯಂತ್ರದ ಕಿವಿಗೆ ಕೇಳಿಸುತ್ತಿತ್ತು, ಯಂತ್ರದ ಕಾಲಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಎಲ್ಲದಕ್ಕೂ ಸೇರಿಸಿ ಒಂದು ಯಜಮಾನಿಕೆ ಬಂತು. ಸೊಂಟಕ್ಕೆ ಒಂದು ಪಟ್ಟಿ, ಅದರಲ್ಲಿ ಬೆಂಕಿಪೆಟ್ಟಿಗೆಯಷ್ಟು ಡಬ್ಬಿ, ಡಬ್ಬಿಯೊಳಗೆ ಎಲ್ಲವನ್ನೂ ಆಳುವ ತಿರುಳು. ಕಿವಿಗೊಂದು, ಕಾಲಿಗೊಂದು, ಬಳೆಗೊಂದು ಡ್ರೈವರ್. ಈ ಡ್ರೈವರ್ ಎಂದರೆ ತಿರುಳಿನ ಮಾತನ್ನು ಆಯಾ ಯಂತ್ರಕ್ಕೆ ತಿಳಿಯುವ ಹಾಗೆ ಹೇಳುವ ತಂತ್ರಾಂಶ. ಸರಕಾರ ಈ ಪಟ್ಟಿಗೆ 'ದೇಹ ಸಮನ್ವಯ ಸಾಧನ' ಎಂದು ಹೆಸರಿಟ್ಟಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಒಂದೇ ವಾರದಲ್ಲಿ ಅದನ್ನು 'ಡಾಬು' ಮಾಡಿದರು. ಬಂಗಾರದ ಡಾಬು ಇಲ್ಲದವರಿಗೆ ತಿರುಳಿನ ಡಾಬಾದರೂ ಸಿಕ್ಕಿತಲ್ಲ!

ಅವ್ವನಿಗೆ ಎರಡೂ ಮೊಣಕಾಲು ಯಂತ್ರದವು. ಅವಳ ಹೆಸರು ಬಾಳವ್ವ. ಆ ದಿನ ಮುಂಜಾನೆ ಧಾರವಾಡದ ತವರುಮನೆಯಿಂದ ಅವಳ ಫೋನು ಬಂದಾಗ ನಾನು ಕೇಂದ್ರದಲ್ಲಿ ಚಹಾದ ಮೊದಲ ಗುಟುಕು ಕುಡಿದಿದ್ದೆ, ಅಷ್ಟೇ.

"ಕಸ್ತೂರಿ, ಹೊಸಾ ಡ್ರೈವರ್ ಬಂದಾನ ಅಂತ ಹೇಳಿದ್ದೆಲ್ಲ, ಅವನ್ನ ಇವತ್ತಽ ಕಳಸು."

"ಯವ್ವಾ, ಡ್ರೈವರ್ ಅಂದ್ರ ಮನಷ್ಯಾ ಅಲ್ಲಬೇ. ಅದೊಂದು..."

"ಏನರ ಆಗವಲ್ದ್ಯಾಕ. ಹಳಬನ್ನ ಇಳಸು, ಹೊಸಬನ್ನ ಹತ್ತಸು. ಹಳಬಗ ನೆಲಾ ಅಂದ್ರ ಆಗಿಬರಂಗಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಹಳೆಯ ಡ್ರೈವರನ್ನು ಬರೆದವರು ಕುರ್ಚಿಯ ಮೇಲೆ ಹುಟ್ಟಿ ಕುರ್ಚಿಯ ಮೇಲೆ ಬೆಳೆದವರಿರಬೇಕು. ಮೊಣಕಾಲು ಕುರ್ಚಿಯ ಎತ್ತರದವರೆಗೆ ಮಡಚುತ್ತಿತ್ತು. ಅದಕ್ಕಿಂತ ಕೆಳಗೆ ಇಳಿಯೆಂದರೆ ಸುತರಾಂ ಒಪ್ಪುತ್ತಿರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಅವ್ವನಿಗೆ ಕನಸಿನ ಮಾತಾಗಿತ್ತು. ನಮ್ಮ ಕೇಂದ್ರದ ಇಮಾಮಹುಸೇನ ನದಾಫ್ ಹೊಸ ಡ್ರೈವರ್ ಬರೆದಿದ್ದ. ಅವನ ತಂದೆಗೆ ನಮಾಜಿನಲ್ಲಿ ಮಂಡಿಯೂರಬೇಕಿತ್ತು, ಅದಕ್ಕೆಂದು ಶುರು ಮಾಡಿ, ಮಗ ಚಕ್ಕಳಮಕ್ಕಳದವರೆಗೂ ತಂದಿದ್ದ.

"ಮುಂದಿನ ವಾರ ಮಾಡೂಣಬೇ," ಎಂದೆ. "ಅದು ಇನ್ನೂ ಹೊಸಾದು."

"ಮುಂದಿನ ವಾರದಷ್ಟೊತ್ತಿಗೆ ಕೂಸಿಗೆ ಹೆಸರಿಟ್ಟು ಮುಗದಿರತೈತಿ. ಆಮ್ಯಾಲೆ ನಾ ನೆಲದ ಮ್ಯಾಲೆ ಕುಂತು ಯಾರ ಕಿವ್ಯಾಗ ಕುರ್ ಅನ್ಲಿ? ನಿಮ್ಮಪ್ಪನ ಕಿವ್ಯಾಗ?"

ಅವ್ವನ ತಮ್ಮ, ನನ್ನ ಮಲ್ಲೇಶಿ ಮಾವ, ಅವಳಿಗಿಂತ ಬಹಳ ಚಿಕ್ಕವನು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವ್ವನೇ. ಅವನಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಈಗ ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಒಂದು ಹೆಣ್ಣುಕೂಸು ಹುಟ್ಟಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ನೆಲದ ಮೇಲೆ ಕೂತು, ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಕುರ್ ಎಂದು ಹೆಸರು ಹೇಳಬೇಕು. ಅದೇ ಹೊತ್ತಿಗೆ ಸುತ್ತಲಿನ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದಬೇಕು. ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುವುದು ನೆಲಕ್ಕೆ ಗೇಣು ಬಿಟ್ಟು, ಹೆಸರಿಡುವುದು ಸಂಜೆ ದೀಪ ಹಚ್ಚುವುದರೊಳಗೆ. ಈ ಗುದ್ದು ತಿನ್ನುವುದಕ್ಕೆ ಅವ್ವ ಆಸೆಯಿಂದ ಕಾಯುತ್ತಿದ್ದಳು.

"ಆತು," ಎಂದೆ. "ಮಧ್ಯಾಹ್ನ ಊಟ ಆದಮ್ಯಾಲೆ ಕಿಡಕಿ ಸಳಿ ಹಿಡಕೊಂಡು ನಿಂದ್ರು. ನಾ ಇಲ್ಲಿಂದಽ ಇಳಸ್ತೀನಿ."

ಮಧ್ಯಾಹ್ನ ನದಾಫ್ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ಪರದೆಯ ಮೇಲೆ ಅವ್ವನ ಡಾಬಿನ ತಿರುಳು ತೆರೆದಿತ್ತು. ಬಲಗಾಲಿನ ಹಳೆಯ ಡ್ರೈವರನ್ನು ಇಳಿಸಲು ಆಜ್ಞೆ ಕೊಟ್ಟೆ. ಒಂದು ಉಸಿರು ಬಿಡುವಷ್ಟರಲ್ಲಿ ಪರದೆ ಕೆಂಪಾಯಿತು.

'ಕಗ್ಗಂಟಿನ ಶಂಕೆ. ಮೊಣಕಾಲು ಮೊಣಕಾಲಿಗಾಗಿ ಕಾಯುತ್ತಿದೆ. ತನ್ನ ಬೀಗವನ್ನು ತಾನೇ ಹಿಡಿದು ತನ್ನನ್ನೇ ಬೇಡುತ್ತಿದೆ. ಎರಡೂ ಕಾಲುಗಳನ್ನು ನಿಂತಲ್ಲೇ ಬಿಗಿಯಲಾಗಿದೆ.'

"ಅಲ್ಲಾ!" ಎಂದ ನದಾಫ್.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಯಾರಿಗೆ ಬಯ್ಯುತ್ತಿದ್ದೇನೆಂದು ನಿಮಗೆ ತಿಳಿಯುವುದಿಲ್ಲ. ಒಂದು ಯಂತ್ರಕ್ಕೆ ಇಬ್ಬರು ಒಟ್ಟಿಗೆ ಕೈ ಹಾಕಬಾರದೆಂದು ತಿರುಳು ಪ್ರತಿಯೊಂದಕ್ಕೂ ಒಂದು ಬೀಗ ಇಟ್ಟಿರುತ್ತದೆ. ಬೀಗ ಹಿಡಿದವನದೇ ಅಧಿಕಾರ. ಬಲಗಾಲಿನ ಡ್ರೈವರ್ ಇಳಿಯುವಾಗ ಬಲಗಾಲಿನ ಬೀಗ ಹಿಡಿದುಕೊಂಡು, 'ನಾನು ಹೊರಟೆ, ಭಾರ ನೀನು ಹೊರು' ಎಂದು ಎಡಗಾಲಿನ ಬೀಗವನ್ನು ಕೇಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಒಬ್ಬನ ಕೈಯಲ್ಲಿದ್ದದ್ದು ಇನ್ನೊಬ್ಬನಿಗೆ ಬೇಕಾಗಿ, ಆ ಇನ್ನೊಬ್ಬನ ಕೈಯಲ್ಲಿದ್ದದ್ದು ಇವನಿಗೆ ಬೇಕಾಗಿ, ಇಬ್ಬರೂ ಬಿಡದೆ ಕಾಯುತ್ತ ಕೂತರೆ ಮಾತ್ರ ಕಗ್ಗಂಟು. ಸಂದಿಯಲ್ಲಿ ಎದುರಾದ ಎರಡು ಎತ್ತಿನಗಾಡಿಯವರು 'ನೀ ಹಿಂದ ಸರಿ' 'ನೀ ಹಿಂದ ಸರಿ' ಎಂದ ಹಾಗೆ. ಹಾಗಾಗುವ ಮೊದಲೇ ಮೂಸಿ ನೋಡಿ ಕೂಗು ಹಾಕಿ, ಯಂತ್ರವನ್ನು ಇದ್ದಲ್ಲೇ ಬಿಗಿಯುವುದು ತಿರುಳಿನಲ್ಲೇ ಕೂತಿರುವ ಗಂಟುಗಾವಲಿನ ಕೆಲಸ.

ಮೊದಲೇ ಮೂಸಬೇಕಲ್ಲ, ಅದಕ್ಕೆ ಅದು ಬೀಗಗಳನ್ನು ಒಂದೊಂದಾಗಿ ನೋಡುವುದಿಲ್ಲ. ನಮ್ಮ ಹಿರಿಯರು ಸಂಬಂಧ ಕೂಡಿಸುವಾಗ ಹುಡುಗ ಹುಡುಗಿಯನ್ನು ನೋಡುವ ಮೊದಲು ಬೆಡಗು, ಅಂದರೆ ವಂಶದ ಬಳ್ಳಿ, ಯಾವುದೆಂದು ಕೇಳುತ್ತಾರಲ್ಲ, ಹಾಗೆಯೇ ಅದೂ ಬೆಡಗು ಕೇಳುತ್ತದೆ. ತಂತ್ರಾಂಶದ ಒಂದೇ ಸಾಲಿನಲ್ಲಿ ಹುಟ್ಟಿದ ಬೀಗಗಳೆಲ್ಲ ಅದರ ಲೆಕ್ಕದಲ್ಲಿ ಒಂದೇ ಬೆಡಗು, ಒಂದೇ ಬೆಡಗಿನವರೆಲ್ಲ ಒಬ್ಬರೇ. ಅವ್ವನ ಎಡಗಾಲು ಬಲಗಾಲು ಎರಡರ ಬೀಗವೂ ಒಂದೇ ಸಾಲಿನಲ್ಲಿ ಹುಟ್ಟಿದ್ದವು. ಆದ್ದರಿಂದ 'ಬಲಗಾಲು ಎಡಗಾಲಿಗಾಗಿ ಕಾಯುತ್ತಿದೆ' ಎಂಬುದು ಅದಕ್ಕೆ 'ಮೊಣಕಾಲು ತನಗಾಗಿ ತಾನೇ ಕಾಯುತ್ತಿದೆ' ಎಂದು ಕಂಡಿತು. ತನಗಾಗಿ ತಾನು ಕಾಯುವವನು ಜನ್ಮದಲ್ಲಿ ಮನೆ ಮುಟ್ಟುವುದಿಲ್ಲ, ಅದೂ ನಿಜವೇ. ಆದರೆ ಅವ್ವನಿಗೆ ಎರಡು ಕಾಲಿವೆಯಲ್ಲೋ ಮಾರಾಯ!

"ನಿಮ್ಮಪ್ಪನ ಮ್ಯಾಲೆ ಪರೀಕ್ಷಾ ಮಾಡಿದ್ದೆಲ್ಲೋ," ಎಂದು ನದಾಫನನ್ನು ಗದರಿದೆ. "ಅವಾಗ ಯಾಕ ಕೂಗಲಿಲ್ಲ ಇದು?"

ಅವನು ತಲೆ ಕೆರೆದುಕೊಂಡ. "ನಮ್ಮಪ್ಪಗ ಯಂತ್ರದ್ದು ಒಂದಽ ಐತ್ರಿ ಮೇಡಂ. ಇನ್ನೊಂದು ದೇವರು ಕೊಟ್ಟದ್ದು."

ಅಷ್ಟರಲ್ಲಿ ಫೋನಿನಲ್ಲಿ ಅವ್ವ ಬಂದಳು. ಚಿತ್ರದಲ್ಲಿ ಅವಳ ಮುಖ, ಹಿಂದೆ ಕಿಟಕಿ, ಪಕ್ಕದಲ್ಲಿ ಹೂವು ಸುತ್ತಿದ ತೊಟ್ಟಿಲು.

"ಹೊಸಬ ಹತ್ತಿದನೇನು? ಕಾಲು ಅಲಗಾಡವಲ್ವು. ಒನಕಿ ಆಗ್ಯಾವ."

"ಯವ್ವಾ, ಒಂಚೂರು ಹಂಗಽ ನಿಂದ್ರು."

"ಮತ್ತೇನು ಮಾಡ್ಲಿ? ಓಡಿಹೋಗ್ಲಿ?"

ಬಿಗಿದ ಕಾಲು ಬಿಡಿಸಲು ಎರಡೇ ದಾರಿ. ಒಂದೋ ಶಂಕೆಗೆ ಕಾರಣವಾದದ್ದು ಇಲ್ಲವಾಗಬೇಕು. ಆಗ ಗಂಟುಗಾವಲು ಮತ್ತೊಮ್ಮೆ ನೋಡಿ ತಾನೇ ಬಿಡುತ್ತದೆ. ಹಟಮಾರಿಯಾದರೂ ಅದು ಮೋಸಗಾರನಲ್ಲ. ಇಲ್ಲವೇ ಕೇಂದ್ರದವರು ಶಂಕೆಯನ್ನು ಸುಳ್ಳೆಂದು ಮುಚ್ಚಬೇಕು. ನಾನು ಎರಡನೆಯ ದಾರಿ ಹಿಡಿದೆ. ಬುದ್ಧಿ ಇದ್ದವರು ಯಾರೂ ಹಿಡಿಯುವುದಿಲ್ಲ.

ಸುರಕ್ಷತೆಯ ಮುಖ್ಯಸ್ಥರು ಹೆಬಸೂರ ಸರ್. ಅವರ ಕೋಣೆಗೆ ಹೋಗಿ ವಿಷಯ ಹೇಳಿದೆ. ಬಹಳ ಸಹನೆಯಿಂದ ಕೇಳಿದರು.

"ನೋಡ್ರಿ ಕಸ್ತೂರಿ, ಹಳೇ ಡ್ರೈವರ್ ಅಲ್ಲೇ ಕುಂತಿರೋತನಕ ಶಂಕಾ ಹೆಂಗ ಮುಚ್ಚಲಿ? ಮೊದಲು ಡ್ರೈವರ್ ಇಳಸ್ರಿ. ಇಳದಮ್ಯಾಲೆ ಒಂದು ಕ್ಷಣದಾಗ ಮುಚ್ಚತೀನಿ."

ಡ್ರೈವರ್ ವಿಭಾಗದ ಮುಖ್ಯಸ್ಥೆ ಕಟ್ಟೀಮನಿ ಮೇಡಂ. ಪಕ್ಕದ ಕೋಣೆ. ಅವರೂ ಸಹನೆಯವರೇ.

"ಶಂಕಾ ತೆರದಿರೋತನಕ ನಾ ಡ್ರೈವರ್ ಹೆಂಗ ಇಳಸ್ಲಿ ಕಸ್ತೂರಿ? ನಿಯಮ ಐತಿ. ಹೆಬಸೂರ ಸರ್ ಮುಚ್ಚಲಿ, ಒಂದು ಕ್ಷಣದಾಗ ಇಳಸ್ತೀನಿ."

ನಾನು ಆ ಬಾಗಿಲಿನಿಂದ ಈ ಬಾಗಿಲಿಗೆ, ಈ ಬಾಗಿಲಿನಿಂದ ಆ ಬಾಗಿಲಿಗೆ ಲಾಳಿಯ ಹಾಗೆ ಓಡಾಡಿದೆ. ಇಬ್ಬರ ನಡುವೆ ಇದ್ದದ್ದು ಒಂದು ತೆಳ್ಳನೆಯ ಗೋಡೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳುತ್ತದೆ. ಆದರೂ ಇಬ್ಬರೂ ನನ್ನ ಕೈಯಲ್ಲೇ ಮಾತು ಕಳಿಸುತ್ತಿದ್ದರು. ಅವ್ವನ ಕಾಲಿನಲ್ಲಿ ಇಲ್ಲದ ಕಗ್ಗಂಟನ್ನು ಕಂಡು ಕೂಗಿದ ಯಂತ್ರಕ್ಕೆ, ತನ್ನದೇ ಕೇಂದ್ರದಲ್ಲಿ ಹಾಡುಹಗಲೇ ಬಿದ್ದ ಕಗ್ಗಂಟು ಕಾಣಲಿಲ್ಲ ನೋಡಿ. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮಿಬ್ಬರ ಸೊಂಟಕ್ಕೂ ಒಂದೊಂದು ಡಾಬು ಕಟ್ಟಬೇಕಾಗಿತ್ತು!" ಎಂದು ಕಾರಿಡಾರಿನಲ್ಲಿ ನಿಂತು ಕೂಗಿದೆ. ಎರಡೂ ಬಾಗಿಲುಗಳು ಸಹನೆಯಿಂದ ಮುಚ್ಚಿಕೊಂಡವು.

ಧಾರವಾಡದ ಸುದ್ದಿ ಫೋನಿನಲ್ಲಿ ಬರುತ್ತಲೇ ಇತ್ತು. ಬಂಧುಗಳು ಸೇರತೊಡಗಿದ್ದರು. ಪಡಸಾಲೆಯಲ್ಲಿ ಅಲುಗಾಡದೆ ನಿಂತ ಹಿರಿಯಳನ್ನು ಕಂಡು, ಏನೋ ವ್ರತ ಹಿಡಿದಿದ್ದಾಳೆಂದು ಬಂದವರೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರಂತೆ. ಒಬ್ಬಾಕೆ ಊದಿನಕಡ್ಡಿಯನ್ನೂ ಹಚ್ಚಿದಳಂತೆ. ಅವ್ವ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ಎಲ್ಲರಿಗೂ ಆಶೀರ್ವಾದ ಮಾಡುತ್ತಿದ್ದಳು. ಅಲ್ಲಿಯವರೆಗೆ ಅವಳಿಗೆ ಅದರಲ್ಲೊಂದು ಮಜಾ ಇತ್ತು ಎಂದೇ ನನ್ನ ಗುಮಾನಿ.

ಆಮೇಲೆ ಅಂಬಕ್ಕ ಬಂದಳು.

ಅಂಬಕ್ಕ ಅವ್ವನ ದೊಡ್ಡಪ್ಪನ ಮಗಳು, ನನಗೆ ದೊಡ್ಡವ್ವ. ಅವ್ವನೂ ಅವಳೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ, ಮಲ್ಲೇಶಿ ಮಾವನ ಮದುವೆ. ಮದುಮಕ್ಕಳು ಹೊಸ್ತಿಲಿಗೆ ಬಂದಾಗ ಗಂಡಿನ ಅಕ್ಕತಂಗಿ ಬಾಗಿಲು ತಡೆದು, 'ನಿಮಗೆ ಹುಟ್ಟುವ ಮಗಳನ್ನು ನನ್ನ ಮನೆಗೆ ಕೊಡುತ್ತೀರೇನು' ಎಂದು ಮಾತು ತೆಗೆದುಕೊಳ್ಳುವ ಶಾಸ್ತ್ರ ಇದೆಯಲ್ಲ, ಅವತ್ತು ಅವ್ವ ಆರತಿ ತಟ್ಟೆ ತರಲು ಒಳಗೆ ಹೋಗಿದ್ದಾಗ ಅಂಬಕ್ಕ ಬಾಗಿಲು ತಡೆದುಬಿಟ್ಟಿದ್ದಳು. ಅವಳ ಪ್ರಕಾರ, ತಡವಾಗುತ್ತಿತ್ತು, ಅದಕ್ಕೇ ತಡೆದೆ. ಅವ್ವನ ಪ್ರಕಾರ, ಕೈಗೆ ಬಂದ ತುತ್ತು ಕಸಿದಳು. 'ಆಕಿ ಮೊದಲು ಮಾತಾಡ್ಲಿ' ಎಂದು ಇವಳು, 'ಆಕೀನಽ ಮೊದಲು ಮಾತಾಡ್ಲಿ' ಎಂದು ಅವಳು. ಹಾಗೇ ದಿನ ಕಳೆದಿದ್ದವು.

ಈಗ ಅಂಬಕ್ಕ ತೊಟ್ಟಿಲ ಬಳಿ ಸರಕ್ಕನೆ ನೆಲದ ಮೇಲೆ ಕೂತು ಕೂಸಿನ ಜೊತೆ ಮಾತಿಗಿಳಿದಳು. ಫೋನಿನಲ್ಲಿ ನನಗೆ ಎಲ್ಲ ಕೇಳುತ್ತಿತ್ತು.

"ಚಿಂತಿ ಮಾಡಬ್ಯಾಡ ನನ್ನ ಕೂಸವ್ವ. ಒಬ್ಬಾಕಿ ಬಗ್ಗಲಿಕ್ಕಂದ್ರೇನಾತು, ಬಗ್ಗು ಅತ್ತಿನೂ ಅದಾಳ ನಿನಗ."

"ಕಸ್ತೂರಿ," ಅವ್ವ ನನ್ನ ಮೂಲಕ ಉತ್ತರ ಕೊಟ್ಟಳು, "ಹೇಳು ಆಕಿಗೆ. ಹೊಸ್ತಿಲಾ ಕಸಗೊಂಡಾಗಿನ ಹಂಗ ತೊಟ್ಟಲಾ ಕಸಗೊಳ್ಳಾಕ ಆಗಂಗಿಲ್ಲ ಅಂತ."

"ಕೂಸವ್ವ," ಅಂಬಕ್ಕ ಕೂಸಿಗೆ ಹೇಳಿದಳು, "ಹೇಳು ಆಕಿಗೆ. ದೀಪಾ ಹಚ್ಚು ಹೊತ್ತು ಬರಾಕಹತ್ತೈತಿ ಅಂತ."

ಇಬ್ಬರ ನಡುವೆ ಸಿಕ್ಕಿಬಿದ್ದ ಮಲ್ಲೇಶಿ ಮಾವ ಪಾಪ, ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಇಂಥ ಹೊತ್ತಿನಲ್ಲಿ ಬಾಯಿ ಬಿಡಬಾರದು. ಅವನು ಬಿಟ್ಟ.

"ಅಕ್ಕಾ, ಕೂಸನ್ನ ಎತ್ತಿ ನಿನ್ನ ಬಾಯಿತನಾ ಹಿಡೀಲೇನು? ನಿಂತಽ ಹೇಳಿಬಿಡು."

"ನಿಂತು ಹೆಸರಿಡಾಕ ನಾ ಏನು ಬಸ್ಸಿನ್ಯಾಗ ಟಿಕೀಟು ಹರಿತೀನೇನೋ?"

"ಹಂಗಾದ್ರ ಅಂಬಕ್ಕ ಇಡ್ಲಿ ಬಿಡು. ಯಾರಾದ್ರೇನು? ಇಬ್ಬರೂ ಅತ್ತೀನಽ ಅಲ್ಲ?"

ಆಮೇಲೆ ಅವ್ವನ ದನಿ ಕೇಳಿತು. ಅದರಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

"ಅವ್ವ ಸತ್ತಾಗ ನಿನಗಿನ್ನೂ ಹಲ್ಲು ಬಂದಿದ್ದಿಲ್ಲ ಮಲ್ಲ್ಯಾ. ನನ್ನ ಕಂಕಳಾಗ ಬೆಳದಿ ನೀನು. ನಿನ್ನ ಕೂಸಿನ ಕಿವ್ಯಾಗ ಮೊದಲನೇ ಮಾತು ನನ್ನ ಬಾಯಿಂದ ಹೋಗಬೇಕು ಅಂತ ಎಷ್ಟು ವರ್ಷ ಕಾದೀನಿ, ನಿನಗ ಗೊತ್ತೈತೇನು? ಇಬ್ಬರೂ ಅತ್ತಿ ಅಂದ್ರ ಇಬ್ಬರೂ ಒಂದಽ ಏನೋ? ಆಕಿಗೆ ಆಕಿ ಹೆಸರೈತಿ, ನನಗ ನನ್ನ ಹೆಸರೈತಿ!"

ನನ್ನ ಕಣ್ಣಲ್ಲೂ ನೀರು ಬಂತು. ಬಂದ ನೀರು ಹಾಗೇ ನಿಂತಿತು.

"ನದಾಫ್," ಎಂದೆ, "ಅವ್ವ ಏನಂದ್ಲು ಕೇಳಿದಿ?"

"ಬ್ಯಾಸರಾತು ಮೇಡಂ. ಪಾಪ."

"ಬ್ಯಾಸರಾ ಆಮ್ಯಾಲೆ ಮಾಡ್ಕೊ. ಮಾಲಕರು ತಮ್ಮ ಯಂತ್ರಕ್ಕ ಹೆಸರಿಟ್ರ ಗಂಟುಗಾವಲು ಅದನ್ನ ಹೆಂಗ ನೋಡತೈತಿ?"

ಅವನು ನನ್ನ ಮುಖ ನೋಡಿದ. ಡಾಬಿನಲ್ಲಿ ಅಂಥದೊಂದು ಸೌಲಭ್ಯ ಇತ್ತು. ಮಾಲೀಕರು ಬೇಕೆಂದರೆ ತಮ್ಮ ಯಂತ್ರಕ್ಕೆ ಮುದ್ದಿನ ಹೆಸರಿಡಬಹುದು. ಕಾರಿಗೆ, ಎತ್ತಿಗೆ ಇಡುವ ಹಾಗೆ. ಯಾರೂ ಇಟ್ಟಿರಲಿಲ್ಲ. ಮೊಣಕಾಲನ್ನು ಯಾರು ಮುದ್ದು ಮಾಡುತ್ತಾರೆ? ಆದರೆ ಹೆಸರಿಟ್ಟ ಯಂತ್ರದ ಬೀಗಕ್ಕೆ ತಿರುಳು ಒಂದು ಹೊಸ ಗುರುತು ಕೊಡುತ್ತಿತ್ತು. ಹೊಸ ಗುರುತೆಂದರೆ ಹೊಸ ಬೆಡಗು.

"ಬ್ಯಾರೆ ಬೆಡಗು ಆಗತಾವ್ರಿ ಮೇಡಂ!" ನದಾಫ್ ಎದ್ದು ನಿಂತ. "ಎರಡೂ ಬ್ಯಾರೆ ಬ್ಯಾರೆ ಅಂತ ಅದಕ್ಕಽ ತಿಳೀತೈತಿ. ಹೆಸರಿಡಾಕ ಯಾರ ಒಪ್ಪಿಗಿನೂ ಬೇಕಾಗಿಲ್ಲ. ಮಾಲಕರ ಹಕ್ಕದು."

ಆದರೆ ಡಬ್ಬಿಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಮಾಲೀಕಳು ತನ್ನ ದನಿಯಲ್ಲೇ ಹೆಸರು ಹೇಳಬೇಕು. ಡ್ರೈವರ್ ಇಳಿಯುವಾಗ ಕಾಲು ಸ್ವಲ್ಪ ಹೊತ್ತು ಸಡಿಲಾಗುತ್ತದೆ, ಅವಳನ್ನು ಹಿಡಿದುಕೊಳ್ಳಲು ಜನ ಬೇಕು. ಇದು ಫೋನಿನಲ್ಲಿ ಆಗುವ ಮಾತಲ್ಲ. ನಾವಿಬ್ಬರೂ ಲ್ಯಾಪ್‌ಟಾಪು ಹೇಗೋ ಚೀಲಕ್ಕೆ ತುರುಕಿ ಧಾರವಾಡದ ಬಸ್ಸು ಹಿಡಿದೆವು. ಹೊರಡುವಾಗ ಹೆಬಸೂರ ಸರ್ ಬಾಗಿಲು ತೆರೆದು, "ಏನಾತ್ರಿ, ಇಳಿಸಿದ್ರೋ?" ಎಂದರು. ಪಕ್ಕದ ಬಾಗಿಲಿನಿಂದ ಕಟ್ಟೀಮನಿ ಮೇಡಂ, "ಮುಚ್ಚಿದ್ರೋ?" ಎಂದರು.

ನಾವು ಪಡಸಾಲೆಗೆ ಕಾಲಿಟ್ಟಾಗ ಹೊರಗೆ ಬಿಸಿಲು ಹಳದಿಯಾಗಿತ್ತು. ಹೆಂಗಸರು ತೊಟ್ಟಿಲ ಸುತ್ತ ಕೂತಿದ್ದರು, ಯಾರೋ ದೀಪದ ಬತ್ತಿ ಹೊಸೆಯುತ್ತಿದ್ದರು. ಅವ್ವ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ಮುಖ ಬಾಡಿತ್ತು. ಅವಳ ಕಾಲ ಬಳಿ ಊದಿನಕಡ್ಡಿ ಹೊಗೆಯಾಡುತ್ತಿತ್ತು.

ವಿಷಯ ಹೇಳಿದೆ. ನದಾಫ್ ಒಂದು ತೋಳು ಹಿಡಿದ, ಮಲ್ಲೇಶಿ ಮಾವ ಇನ್ನೊಂದು. ನನ್ನ ಎರಡೂ ಕೈ ಕೀಲಿಮಣೆಯ ಮೇಲೆ. ಇನ್ನು ಡಾಬನ್ನು ಬಿಚ್ಚಿ ಮೊಣಕಾಲಿಗೆ ಹಿಡಿಯಲು ಒಬ್ಬರು ಬೇಕಿತ್ತು.

"ಯಾರರ ಬರ್ರಿ," ಎಂದೆ. "ಕಾಲಿನ ಬುಡಕ ಕುಂತು ಇದನ್ನ ಒತ್ತಿ ಹಿಡೀಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಂತ್ರ ಮುಟ್ಟಲು ಅಂಜಿಕೆ, ಶಾಕ್ ಹೊಡೆದರೆ ಎಂದು. ತೊಟ್ಟಿಲ ಬಳಿಯಿಂದ ಅಂಬಕ್ಕ ಎದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದು, ಅವ್ವನ ಸೊಂಟದ ಡಾಬು ಬಿಚ್ಚಿಕೊಂಡು ಅವಳ ಕಾಲ ಬುಡದಲ್ಲಿ ಕೂತಳು.

ಅವ್ವ ಮೇಲೆ ನೋಡುತ್ತ, "ಕಸ್ತೂರಿ, ಕೇಳು ಆಕಿಗೆ. ನನ್ನ ಕಾಲಿನ ಬುಡಕ ಕುಂದ್ರಾಕ ಆಕಿಗೆ ನಾಚಿಕಿ ಬರಂಗಿಲ್ಲೇನು ಅಂತ," ಎಂದಳು.

ಅಂಬಕ್ಕ ಈ ಸಲ ಕೂಸಿಗೆ ಹೇಳಲಿಲ್ಲ. ಕತ್ತೆತ್ತಿ ನೇರವಾಗಿ ಅವ್ವನಿಗೇ ಹೇಳಿದಳು.

"ನಿನ್ನ ಕಾಲು ನನಗೇನು ಹೊಸಾವೇನಽ ಬಾಳೀ? ಸಣ್ಣಾಕಿದ್ದಾಗ ಹೊಲದಾಗ ಚಪ್ಪಲಿ ಇಲ್ಲದಽ ಓಡತಿದ್ದಿ. ದಿನಾ ಮುಳ್ಳು. ದಿನಾ ತಗದಾಕಿ ಯಾರು?"



"ತಗೀವಾಗ ಇನ್ನಷ್ಟು ಚುಚ್ಚತಿದ್ದಿ," ಎಂದಳು ಅವ್ವ. ಅದೂ ನೇರವಾಗಿಯೇ.

"ಹಿಡಕೊಂಡೀನಿ," ಎಂದು ಅಂಬಕ್ಕ ಡಬ್ಬಿಯನ್ನು ಬಲಮೊಣಕಾಲಿಗೆ ಒತ್ತಿದಳು. "ಹೆಸರು ಹೇಳು. ಹೊತ್ತು ಮುಳಗತೈತಿ."

"ಬಾಳವ್ವ," ಎಂದಳು ಅವ್ವ. "ಬಲಗಾಲು ನಾನಽ."

ಅಂಬಕ್ಕ ಡಬ್ಬಿಯನ್ನು ಎಡಮೊಣಕಾಲಿಗೆ ಸರಿಸಿದಳು. ನಾನು ಮನಸ್ಸಿನಲ್ಲೇ, ಏನಾದರೂ ಹೇಳವ್ವ, ಗಂಗೆ ಗೌರಿ ಏನಾದರೂ, ಎಂದುಕೊಳ್ಳುತ್ತಿದ್ದೆ. ಅವ್ವ ಕಣ್ಣು ಕೆಳಗೆ ಮಾಡಿ, ತನ್ನ ಕಾಲು ತಬ್ಬಿ ಕೂತವಳ ಬೆಳ್ಳಗಿನ ಬೈತಲೆಯನ್ನು ನೋಡಿದಳು.

"ಅಂಬಕ್ಕ," ಎಂದಳು.

"ಏನು?" ಎಂದು ಅಂಬಕ್ಕ ತಲೆ ಎತ್ತಿದಳು.

"ನಿನಗಲ್ಲ, ಕಾಲಿಗೆ. ಎಡಗಾಲಿನ ಹೆಸರು ಅಂಬಕ್ಕ. ಮೊದಲಿಂದ ಬರೇ ನೋವು ಕೊಟ್ಟೈತಿ. ಖರೇ, ಅದಿಲ್ಲಂದ್ರ ನನಗ ನಿಂದ್ರಾಕ ಬರಂಗಿಲ್ಲ."

ನಾನು ಪರದೆಯನ್ನೇ ನೋಡುತ್ತಿದ್ದೆ. ಯಾರ ಮುಖ ನೋಡಿದರೂ ಅತ್ತುಬಿಡುತ್ತಿದ್ದೆ. ಆಜ್ಞೆಯನ್ನು ಮತ್ತೆ ಕೊಟ್ಟೆ. ಗಂಟುಗಾವಲು ಮೂಸಿತು, ಯೋಚಿಸಿತು. ಆಮೇಲೆ ಅಂಬಕ್ಕನ ಕೈಯಲ್ಲಿದ್ದ ಡಾಬು ತನ್ನ ಸರಕಾರಿ ದನಿಯಲ್ಲಿ ಇಡೀ ಪಡಸಾಲೆಗೆ ಕೇಳುವಂತೆ ಸಾರಿತು:

'ಬಾಳವ್ವ ಅಂಬಕ್ಕನಿಗಾಗಿ ಕಾಯುತ್ತಿದ್ದಾಳೆ. ಇಬ್ಬರೂ ಬೇರೆ ಬೇರೆ. ಅಡ್ಡಿ ಇಲ್ಲ.'

"ಕಾಯಲಿ ಕಾಯಲಿ," ಎಂದು ಅಂಬಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನೂ ಏನು ಕಡಿಮಿ ಕಾದಿಲ್ಲ."

ಬಲಗಾಲು ಸಡಿಲಾಯಿತು. ಅವ್ವ ವಾಲಿದಳು. ಹಿಡಿದುಕೊಂಡಿದ್ದ ಗಂಡಸರಿಬ್ಬರೂ ಅವಳ ಮಾತು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು, ಯಾವ ಕೆಲಸಕ್ಕೂ ಬರಲಿಲ್ಲ. ಅವಳು ಇಡಿಯಾಗಿ ಬಿದ್ದದ್ದು ಅಂಬಕ್ಕನ ಹೆಗಲ ಮೇಲೆ. "ಅಯ್ಯ ನಿನ್ನ, ಎಷ್ಟು ಭಾರ ಆಗೀಯಽ!" ಎಂದು ಅಂಬಕ್ಕ ಕಿರುಚಿದಳು, ಆದರೆ ಬಿಡಲಿಲ್ಲ. ಹೊಸ ಡ್ರೈವರ್ ಬಲಕ್ಕೆ ಹತ್ತಿತು. ಹಳೆಯದು ಎಡದಿಂದ ಇಳಿಯಿತು, ಹೊಸದು ಹತ್ತಿತು. ಅವ್ವ ಅಕ್ಕನ ಹೆಗಲು ಹಿಡಿದುಕೊಂಡೇ ಮೆಲ್ಲಗೆ ಕೆಳಗಿಳಿದಳು. ಕುರ್ಚಿಯ ಎತ್ತರ ದಾಟಿದಳು, ಮಣೆಯ ಎತ್ತರ ದಾಟಿದಳು, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕೂತು, ಎರಡೂ ಅಂಗೈಯಿಂದ ನೆಲವನ್ನು ಒಮ್ಮೆ ಸವರಿದಳು.

ಆಮೇಲೆ ತೊಟ್ಟಿಲಿಗೆ ಬಗ್ಗಿದಳು. "ಕುರ್ರ್..." ಎಂದಳು. ಹೆಸರು ನಮಗೆ ಕೇಳಿಸಲಿಲ್ಲ, ಏಕೆಂದರೆ ಅಷ್ಟರಲ್ಲೇ ಬೆನ್ನಿಗೆ ಗುದ್ದುಗಳು ಬೀಳತೊಡಗಿದ್ದವು. ಎಲ್ಲಕ್ಕಿಂತ ಜೋರಾಗಿ ಗುದ್ದಿದವಳು ಅಂಬಕ್ಕ. ಅಷ್ಟು ವರ್ಷದ ಬಾಕಿಯನ್ನೆಲ್ಲ ಅವತ್ತೇ ತೀರಿಸಿದಳು. ಅವ್ವ ನಗುತ್ತ ಅಳುತ್ತ ಗುದ್ದು ತಿಂದಳು. ಕೂಸಿಗೆ ನೀಲಗಂಗಾ ಎಂದು ಹೆಸರು. ಅವ್ವನ ಅವ್ವನದು. ಯಾರೋ ದೀಪ ಹಚ್ಚಿದರು.

ನದಾಫ್ ಆಮೇಲೆ ತನ್ನ ಡ್ರೈವರನ್ನು ತಿದ್ದಿದ. ಈಗ ಎಡಕ್ಕೊಂದು ಬಲಕ್ಕೊಂದು ಹುಟ್ಟುವಾಗಲೇ ಬೇರೆ ಬೇರೆ ಬೆಡಗು, ಯಾರೂ ಮೊಣಕಾಲಿಗೆ ನಾಮಕರಣ ಮಾಡಬೇಕಾಗಿಲ್ಲ. ಅವ್ವನ ಶಂಕೆ ಮಾತ್ರ ಕೇಂದ್ರದಲ್ಲಿ ಇನ್ನೂ ತೆರೆದೇ ಇದೆ. ಡ್ರೈವರ್ ಇಳಿದ ಮೇಲೆ ಮುಚ್ಚುತ್ತೇನೆಂದು ಹೆಬಸೂರ ಸರ್, ಶಂಕೆ ಮುಚ್ಚಿದ ಮೇಲೆ ಇಳಿದದ್ದೆಂದು ಒಪ್ಪುತ್ತೇನೆಂದು ಕಟ್ಟೀಮನಿ ಮೇಡಂ. ಗೋಡೆಯ ಆಚೆ ಈಚೆ ಇಬ್ಬರೂ ಸಹನೆಯಿಂದ ಕಾಯುತ್ತಿದ್ದಾರೆ.

ಅವ್ವ ಹೆಸರು ಬದಲಿಸಲು ಒಪ್ಪಿಲ್ಲ. ಹೆಸರಿಟ್ಟ ಯಂತ್ರವನ್ನು ಡಾಬು ಹೆಸರಿನಿಂದಲೇ ಕರೆಯುತ್ತದೆ. ಮೊನ್ನೆ ನಾನು ಅವ್ವನ ಬಳಿ ಹೋಗಿದ್ದಾಗ ಅವಳು ಪೇಟೆಯಿಂದ ನಡೆದು ಬಂದು ಕೂತಿದ್ದಳು. ಡಾಬು ಹೇಳಿತು: 'ಅಂಬಕ್ಕ ದಣಿದಿದ್ದಾಳೆ. ವಿಶ್ರಾಂತಿ ಬೇಕು.'

ಅವ್ವ ತಕ್ಷಣ ಫೋನು ತೆಗೆದು ಅಂಬಕ್ಕನಿಗೆ ಹಚ್ಚಿದಳು. ಡಾಬು ಹೀಗೆ ಹೇಳಿದಾಗಲೆಲ್ಲ ಹಚ್ಚುತ್ತಾಳಂತೆ.

"ಏನಬೇ ಅಂಬಕ್ಕ, ದಣದೀಯಂತ? ಕುಂದ್ರು ಒಂಚೂರು. ಚಾ ಕುಡದಿಯೇನು?"

"ದಣದಾಕಿ ನಾನಲ್ಲಽ ಬಾಳೀ," ಆ ಕಡೆಯಿಂದ ಅಂಬಕ್ಕನ ದನಿ. "ದಣದಿದ್ದು ನಿನ್ನ ಕಾಲು!"

"ಎರಡೂ ಒಂದಽ ಬಿಡು," ಎಂದಳು ಅವ್ವ.

ಗಂಟುಗಾವಲಿಗೆ ಈ ಮಾತು ಕೇಳಿಸದಿರಲೆಂದು ನಾನು ಮೆಲ್ಲಗೆ ಅವಳ ಡಾಬಿನ ಮೇಲೆ ಸೆರಗು ಹೊದಿಸಿದೆ.